ಸೀಮೆಸುಣ್ಣದೊಳಗಿನ ಹಲ್ಲು

ಮಕ್ಕಳೇ, ನಾಲ್ಕು ವರ್ಷದ ಹಿಂದೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿನ ಡೋವರ್ ಕಡಲತೀರದಲ್ಲಿ ಹಾಲಿನಂತೆ ಬೆಳ್ಳಗಿನ ಬಂಡೆಗಳು ಗೋಡೆಯ ಹಾಗೆ ಎದ್ದು ನಿಂತಿವೆ. ಅಷ್ಟೂ ಸೀಮೆಸುಣ್ಣ! ಸುಮಾರು 9 ಕೋಟಿ ವರ್ಷಗಳ ಹಿಂದೆ ಅಲ್ಲೆಲ್ಲ ಕಡಲಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಹೊದಿಕೆಗಳು ತಳಕ್ಕಿಳಿದು, ಪದರ ಪದರವಾಗಿ ಕೂತು ಕಲ್ಲಾದವು. ಶಾರ್ಕ್ ಮೀನುಗಳ ಹಲ್ಲುಗಳೂ ಅದರಲ್ಲಿ ಹೂತುಹೋದವು. ಶಾರ್ಕ್‌ಗೆ ಗಟ್ಟಿ ಮೂಳೆಯಿಲ್ಲ. ನಮ್ಮ ಕಿವಿಯ ಹಾಗೆ ಮೃದ್ವಸ್ಥಿ, ಬೇಗ ಕೊಳೆಯುತ್ತದೆ. ಹಲ್ಲು ಮಾತ್ರ ಉಳಿಯುತ್ತದೆ. ಅದಕ್ಕೆ ಬದುಕಿಡೀ ಹಳೆ ಹಲ್ಲು ಬಿದ್ದು ಹೊಸದು ಬರುತ್ತಲೇ ಇರುತ್ತದೆ.

ಒಂದು ದಿನ ಕಡಲು ಇಳಿಯುವ ಹೊತ್ತು ನೋಡಿಕೊಂಡು, ಏಳು ವರ್ಷದ ಮೊಮ್ಮಗನೊಡನೆ ಹೋದೆ. ಬಂಡೆ ಯಾವಾಗ ಕುಸಿಯುತ್ತದೋ ಹೇಳಲಾಗದು. ಅದರ ಬುಡಕ್ಕೆ ಹೋಗಬಾರದು, ಅದನ್ನು ಅಗೆಯಲೂಬಾರದು. ದೂರದಲ್ಲಿ ಚದುರಿ ಬಿದ್ದಿದ್ದ ತುಂಡುಗಳಲ್ಲೇ ಹುಡುಕಿದೆವು. ಎರಡು ಗಂಟೆ ಏನೂ ಸಿಗಲಿಲ್ಲ. ಆಮೇಲೆ "ತಾತಾ, ಇಲ್ಲಿ!" ಎಂದು ಕೂಗಿದ. ಬಿಳಿಯ ಕಲ್ಲಿನಲ್ಲಿ ಜೇನಿನ ಬಣ್ಣದ್ದೊಂದು ಮಿಂಚುತ್ತಿತ್ತು.

ನನಗೋ ಆತುರ. ಜೇಬಿನ ಚಾಕು ತೆಗೆದು ಮೀಟಿದೆ. ಹಲ್ಲು ಟಕ್ಕೆಂದು ಎರಡು ತುಂಡಾಯಿತು. ಅವನು ಅಳಲಿಲ್ಲ. "ಪರವಾಗಿಲ್ಲ ತಾತ" ಅಂದ. ಅತ್ತಿದ್ದರೇ ವಾಸಿಯಿತ್ತು. ಬ್ಯಾಂಕಿನಲ್ಲಿ ಬದುಕೆಲ್ಲ ಪೈಸೆ ಪೈಸೆ ತಾಳೆ ನೋಡಿದ ಕೈ, ಅವತ್ತು ಒಂದು ನಿಮಿಷ ತಾಳಲಿಲ್ಲ.

ಮುಂದಿನ ವಾರ ಇನ್ನೊಂದು ಸಿಕ್ಕಿತು. ಈ ಸಲ ಹಲ್ಲನ್ನು ಮುಟ್ಟದೆ ಕಲ್ಲಿನ ಸಮೇತ ಮನೆಗೆ ತಂದೆವು. ಕಡಲಿನ ಉಪ್ಪು ಬಿಡಲೆಂದು ಕೆಲವು ದಿನ ಸಿಹಿನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ನೆರಳಿನಲ್ಲಿ ಒಣಗಿಸಿದೆವು. ಆಮೇಲೆ ಭೂತಗನ್ನಡಿಯಲ್ಲಿ ನೋಡುತ್ತಾ, ಮೊನೆ ಹಲ್ಲಿಗೆ ತಾಗದಂತೆ ಸೂಜಿಯಿಂದ ಸುತ್ತಲಿನ ಕಲ್ಲನ್ನು ಚೂರುಚೂರೇ ಕೆರೆದೆ. ಮೊಮ್ಮಗ ಮೆತ್ತನೆಯ ಬ್ರಷ್ ಹಿಡಿದು ಪುಡಿ ಗುಡಿಸಿದ. ಹತ್ತು ಸಂಜೆ ಹಿಡಿಯಿತು. ಹಲ್ಲಿನ ಬುಡವನ್ನು ಮಾತ್ರ ಕಲ್ಲಿನಲ್ಲೇ ಬಿಟ್ಟೆವು. ಅದಕ್ಕೆ ಅದೇ ಆಸರೆ.

ಸಿಕ್ಕಿದ ಜಾಗ, ದಿನಾಂಕ ಬರೆದು ಚೀಟಿಯನ್ನೂ ಅಂಟಿಸಿದೆವು. ಎಲ್ಲಿಯದೆಂದು ಗೊತ್ತಿಲ್ಲದ ಹಲ್ಲು, ದಿನಾಂಕವಿಲ್ಲದ ಓಚರಿನಂತೆ ಲೆಕ್ಕಕ್ಕೆ ಬಾರದು.

ಮುರಿದ ಹಲ್ಲನ್ನೂ ಅಂಟು ಹಾಕಿ ಕೂಡಿಸಿ ಅದೇ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಅದರ ಚೀಟಿಯನ್ನು ಮೊಮ್ಮಗನೇ, ಅಮ್ಮ ಕಲಿಸಿದ ಕನ್ನಡದಲ್ಲಿ ಬರೆದ: "ನಾನು ಹುಡುಕಿದ್ದು. ತಾತ ಮುರಿದದ್ದು."

ಲೆಕ್ಕ ಸರಿಯಾಗಿದೆ. ನಾನು ತಿದ್ದಲಿಲ್ಲ.