ಅಮರೇಶ್ವರ ಜಾತ್ರೆಗೆ ಒಂದು ಸೈಕಲ್ ರೇಸ್ ಬೇಕು

ಶಿವರಾತ್ರಿ ಬಂತೆಂದರೆ ಔರಾದಿನಲ್ಲಿ ಅಮರೇಶ್ವರ ಜಾತ್ರೆ. ಜಾತ್ರೆ ಎಂದ ಮೇಲೆ ಜಂಗಿ ಕುಸ್ತಿ. ಮಹಾರಾಷ್ಟ್ರದ ಕಡೆಯಿಂದಲೂ ಪೈಲ್ವಾನರು ಬರುತ್ತಾರೆ. ಹಿರಿಯರು ಜೋಡಿ ನೋಡಿ ಕುಸ್ತಿ ಹಚ್ಚುತ್ತಾರೆ. ನಮ್ಮ ಭಾಗದ ಜಾತ್ರೆಗಳಲ್ಲಿ ಸಣ್ಣ ಹುಡುಗರು ತೆಂಗಿನಕಾಯಿಗೆ ಹಿಡಿಯುತ್ತಾರೆ, ದೊಡ್ಡವರು ಬೆಳ್ಳಿ ಕಡಗಕ್ಕೆ. ಊರವರೇ ಪಟ್ಟಿ ಎತ್ತಿ, ಕಣ ಹದಮಾಡಿ, ಹಲಗಿ ಬಾರಿಸಿ ನಡೆಸುವ ಆಟ ಇದು. ಅದೇ ಜಾತ್ರೆಯ ಒಂದು ಬೆಳಿಗ್ಗೆ ಬೀದರಿನಿಂದ ಹೊರಟು ಜನವಾಡ, ಕೌಠಾ, ಸಂತಪುರ ದಾಟಿ ಔರಾದು ಮುಟ್ಟುವ ಸೈಕಲ್ ರೇಸ್ ನಡೆಯಬೇಕು ಎಂಬುದು ನನ್ನ ಬೇಡಿಕೆ. ಸುಮಾರು ನಲವತ್ತು ಕಿಲೋಮೀಟರ್ ದಾರಿ. ರೇಸಿನ ಎರಡು ಗಂಟೆ ಪೊಲೀಸರು ರಸ್ತೆಯನ್ನು ಪೂರ್ತಿ ಬಂದ್ ಮಾಡಿಕೊಡಬೇಕು. ರೇಸಿಗಾಗಿ ಸರ್ಕಾರದಿಂದ ಕೇಳುತ್ತಿರುವುದು ಇಷ್ಟನ್ನೇ.

ನಾನು ಜನವಾಡದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಾನು ಎಂಟನೆಯಲ್ಲಿದ್ದೆ. ನಮ್ಮದು ಬಿಪಿಎಲ್ ಕಾರ್ಡಿನ ಮನೆ, ಹಾಗಾಗಿ ಮೊದಲ ವರ್ಷವೇ ಸೈಕಲ್ ಬಂತು. ಅದರ ಮೇಲೆ ಕೂತು ಕಲಿತದ್ದು ಕಾಲಿನಲ್ಲಿ ಇವತ್ತಿಗೂ ಇದೆ. ಈಗ ಹ್ಯಾಂಡಲ್ ಬಾಗಿದ ಗೇರಿನ ರೋಡ್ ಬೈಕ್ ಇದೆ. ಶಾಲೆಗೆ ಮುಂಚೆ ಬೀದರ್ ಕಡೆಯ ಏರು ಹತ್ತಿ ಇಳಿಯುವುದು ನನ್ನ ದಿನದ ಕೆಲಸ. ಬೀದರ್ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಅಲ್ಲಿಂದ ಕೆಂಪು ನೆಲ ಮುಗಿದು ಕರಿ ಮಣ್ಣು ಶುರುವಾಗುವವರೆಗೂ ಇಳಿಜಾರು. ಆಮೇಲೆ ಮಾಂಜ್ರಾ ನದಿಯ ಬಯಲು. ನದಿ ದಾಟಿದರೆ ಔರಾದ್ ತಾಲ್ಲೂಕು, ಅಲೆ ಅಲೆಯಾಗಿ ಏಳುವ ನೆಲ. ಇಳಿತ, ಬಯಲು, ಏರು ಮೂರೂ ಇರುವ ಇಂಥ ದಾರಿಯನ್ನು ರೇಸ್ ನಡೆಸುವವರು ಹುಡುಕಿಕೊಂಡು ಹೋಗುತ್ತಾರೆ.

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ಕಡೆಯ ಹುಡುಗರು ತಾವೇ ರೇಸ್ ಇಟ್ಟರು. ತಲೆಗೆ ನೂರು ರೂಪಾಯಿ, ಅದೇ ಬಹುಮಾನದ ಗಂಟು. ಜನವಾಡದಿಂದ ಸಂತಪುರಕ್ಕೆ ಹೋಗಿ ತಿರುಗಿ ಬರಬೇಕು. ಇಪ್ಪತ್ತರ ಆಸುಪಾಸು ಮಂದಿ ಸೇರಿದ್ದೆವು. ಗೇರಿನ ಸೈಕಲ್ ಏಳೆಂಟು, ಉಳಿದವೆಲ್ಲ ಮನೆಯ ಸಾದಾ ಸೈಕಲ್. ಹೆಂಗಸು ನಾನೊಬ್ಬಳೇ. ಒಬ್ಬ ಹುಡುಗ ಬೆಳಗಿನ ಹಾಲು ಹಾಕಿ ನೇರ ಬಂದಿದ್ದ, ಹಿಂದಿನ ಕ್ಯಾರಿಯರಿಗೆ ಕ್ಯಾನ್ ತೂಗಿಸುವ ಕಬ್ಬಿಣದ ಕೊಕ್ಕೆಗಳು ಹಾಗೇ ಇದ್ದವು. ಅವುಗಳನ್ನು ಬಿಚ್ಚಲು ಪಾನಾ ಸಿಗಲಿಲ್ಲ. ಹಾಗೇ ಹೊರಟ.

ಮೊದಲ ಐದು ಕಿಲೋಮೀಟರ್ ಎಲ್ಲರೂ ಗುಂಪಾಗಿಯೇ ಇದ್ದೆವು. ತೊಗರಿ ಒಣಗಿದ ಹೊಲ, ಕಡಲೆ, ಅಲ್ಲಲ್ಲಿ ಕಬ್ಬು. ಬಯಲಿಗೆ ಬೀಳುತ್ತಲೇ ಈಶಾನ್ಯದ ಗಾಳಿ ಬಲಗಡೆಯಿಂದ ಹೊಡೆಯತೊಡಗಿತು. ಸೈಕಲ್ ರೇಸ್ ನಡೆಯುವುದೇ ಗಾಳಿಯೊಂದಿಗೆ, ಇದನ್ನು ಹೊರಗಿನವರಿಗೆ ಹೇಳಬೇಕಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾಗುವ ಶಕ್ತಿ ಎಂಟು ಪಟ್ಟು. ಗಂಟೆಗೆ ಮೂವತ್ತು ದಾಟಿದ ಮೇಲೆ ತುಳಿತದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಆ ಶ್ರಮದಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿಯುತ್ತದೆ. ಅದಕ್ಕೇ ಸರದಿ. ಒಬ್ಬ ಮುಂದೆ ನಿಂತು ಒಂದು ನಿಮಿಷ ಎಳೆದು ಹಿಂದೆ ಸರಿಯುತ್ತಾನೆ, ಇನ್ನೊಬ್ಬ ಬರುತ್ತಾನೆ. ನಮ್ಮ ಹುಡುಗರಿಗೆ ಇದನ್ನು ಯಾರೂ ಕಲಿಸಿಲ್ಲ. ಆದರೂ ನದಿಯ ಹತ್ತಿರ ಬರುವಷ್ಟರಲ್ಲಿ ತಾವೇ ಕಂಡುಕೊಂಡಿದ್ದರು. ಹಾಲಿನ ಹುಡುಗ ನನ್ನ ಪಕ್ಕಕ್ಕೆ ಬಂದು, "ಮೇಡಂ, ಗಾಳಿ ಭಾಳ ಅದ, ಈಗ ನಾ ಮುಂದ ಹೋಗ್ತೀನಿ, ನನ್ನ ಹಿಂದ ಬರ್ರಿ" ಎಂದ. ಇಪ್ಪತ್ತು ಕಿಲೋ ಭಾರದ ಸೈಕಲ್ ಮೇಲಿದ್ದವನು ನನಗೆ ಗಾಳಿ ಮರೆ ಮಾಡಿದ.

ಅವನ ಸೈಕಲ್ಲಿನ ಲೆಕ್ಕ ಹೇಳುತ್ತೇನೆ. ಸಾದಾ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಗಂಟೆಗೆ 29 ಕಿಲೋಮೀಟರ್ ಓಡಬೇಕಾದರೆ ನಿಮಿಷಕ್ಕೆ ತೊಂಬತ್ತು ಸುತ್ತು ತುಳಿಯಬೇಕು, ಏರು ಬಂದರೂ ಅದೇ ಹಲ್ಲು, ಇಳಿತ ಬಂದರೂ ಅದೇ ಹಲ್ಲು. ಜಗತ್ತಿನ ದೊಡ್ಡ ರೇಸುಗಳಲ್ಲಿ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದೆಂದು ನಿಯಮವಿದೆ. ಇವನದು ಅದರ ಮೂರು ಪಟ್ಟು. ಸಂತಪುರದ ತಿರುವಿನವರೆಗೂ ಮುಂಚೂಣಿಯಲ್ಲೇ ಇದ್ದ, ವಾಪಸ್ ಬರುವಾಗ ಗೇರಿನವರು ಮೂವರು ಬಿಟ್ಟರೆ ಎಲ್ಲರಿಗಿಂತ ಮುಂದೆ ಜನವಾಡ ಮುಟ್ಟಿದ. ನಾನು ಅವನ ಹಿಂದೆ ಬಂದೆ. ಬಹುಮಾನ ಮೊದಲ ಮೂವರಿಗೆ ಹೋಯಿತು. ಸಾದಾ ಸೈಕಲ್ಲಿಗೇ ಒಂದು ವಿಭಾಗ ಇದ್ದಿದ್ದರೆ ಆ ದಿನದ ಗೆಲುವು ಅವನದು.

ರಸ್ತೆ ಮಾತ್ರ ತೆರೆದೇ ಇತ್ತು. ಎರಡೆರಡು ಟ್ರಾಲಿ ಕಟ್ಟಿದ ಕಬ್ಬಿನ ಟ್ರ್ಯಾಕ್ಟರು, ಮಹಾರಾಷ್ಟ್ರದ ಲಾರಿ, ಹಾರ್ನ್ ಹಿಡಿದೇ ಬರುವ ಜೀಪು. ಮಾಂಜ್ರಾ ಆಚೆ ಒಂದು ಟ್ರ್ಯಾಕ್ಟರನ್ನು ದಾಟಿ ಬಂದ ವಾಹನಕ್ಕೆ ಹಾದಿ ಬಿಡಲು ಹೋಗಿ ಪಿಯುಸಿ ಓದುವ ಹುಡುಗನೊಬ್ಬ ಜಲ್ಲಿಯ ಮೇಲೆ ಜಾರಿ ಬಿದ್ದ. ಮೊಣಕೈ ಚರ್ಮ ಸುಲಿದು ಬಿಳಿ ಕಂಡಿತು. ನೀರು ಹಾಕಿ ತೊಳೆದು, ನನ್ನ ವೇಲಿನಿಂದ ಕಟ್ಟಿ, ಬಂದ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆವು. ಮರುದಿನ ಅವನ ತಾಯಿ ಶಾಲೆಯ ಗೇಟಿಗೆ ಬಂದು ಕೇಳಿದಳು: "ಆಟ ಆಡ್ಲಿ ಮೇಡಂ, ನಾ ಬ್ಯಾಡ ಅಂಬಲ್ಲ. ಖರೆ ರೋಡಿನ್ಯಾಗ ಯಾಕ್ ಆಡ್ತಾರ?" ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಜಿಲ್ಲೆ ನಡೆಸುವವರು.

ರಸ್ತೆ ಬಂದ್ ಆಗಬೇಕೆಂದು ನಾನು ಹೇಳುವುದಕ್ಕೆ ಸುರಕ್ಷತೆ ಮೊದಲ ಕಾರಣ. ಎರಡನೆಯ ಕಾರಣವನ್ನು ಸೈಕಲ್ ತುಳಿದವರಷ್ಟೇ ಬಲ್ಲರು. ಗಾಳಿ ಬಲಗಡೆಯಿಂದ ಬಂದರೆ ಮುಂದಿನವನ ನೇರ ಹಿಂದೆ ನಿಂತರೆ ಮರೆ ಸಿಗುವುದಿಲ್ಲ, ಅವನ ಎಡಕ್ಕೆ ಸ್ವಲ್ಪ ಹಿಂದೆ ನಿಲ್ಲಬೇಕು. ಮೂರನೆಯವನು ಇನ್ನೂ ಎಡಕ್ಕೆ. ಹೀಗೆ ರಸ್ತೆಗೆ ಅಡ್ಡಲಾಗಿ ಓರೆ ಸಾಲು ಹೊರಡುತ್ತದೆ. ಆ ಸಾಲಿಗೆ ರಸ್ತೆಯ ಪೂರ್ತಿ ಅಗಲ ಬೇಕು, ಎಳೆಯುವವನು ಬಲ ಅಂಚಿನಲ್ಲಿರಬೇಕು. ತೆರೆದ ರಸ್ತೆಯಲ್ಲಿ ಬಲ ಅಂಚು ಎದುರಿನ ಲಾರಿಯದು. ಹಾಗಾಗಿ ಎಲ್ಲರೂ ಎಡದ ಜಲ್ಲಿಯಲ್ಲಿ ಒಬ್ಬರ ಹಿಂದೆ ಒಬ್ಬರು, ಎಲ್ಲರಿಗೂ ಗಾಳಿ. ಬಲಿಷ್ಠನೊಬ್ಬ ಗೆಲ್ಲುತ್ತಾನೆ, ನಿಜ. ಆದರೆ ದುರ್ಬಲರು ನಾಲ್ವರು ಕೂಡಿ ಬಲಿಷ್ಠನನ್ನು ಹಿಡಿಯುವುದು, ಯಾರನ್ನು ನಂಬಬೇಕು ಎಂದು ಅರೆಕ್ಷಣದಲ್ಲಿ ನಿರ್ಧರಿಸುವುದು, ಆ ಆಟವೇ ಅಲ್ಲಿ ಹುಟ್ಟುವುದಿಲ್ಲ.

ಇದೆಲ್ಲ ದೊಡ್ಡ ಊರಿನ ಶೋಕಿ ಎನ್ನುವವರು ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ನೋಡಬೇಕು. ಅಲ್ಲಿ ಜಾತ್ರೆಗೆ ಸೈಕಲ್ ಶರ್ಯತ್ತು ಇಡುವುದು ಹಳೆಯ ಮಾತು. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ, ವಿಜಯಪುರ ಮತ್ತು ಬಾಗಲಕೋಟೆಯ ಕ್ರೀಡಾ ಹಾಸ್ಟೆಲುಗಳು ರಾಜ್ಯಕ್ಕೆ ಸೈಕ್ಲಿಸ್ಟರನ್ನು ಕೊಡುತ್ತಲೇ ಬಂದಿವೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ರೈತರ, ಕೂಲಿಕಾರರ ಮನೆಯವರು. ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಹಿಡಿದವರೂ ಇದ್ದಾರೆ. ವಿಜಯಪುರದಲ್ಲಿ ಸೈಕಲ್ ರೇಸಿನ ಟ್ರ್ಯಾಕ್, ಅಂದರೆ ವೆಲೋಡ್ರೋಮ್, ಕಟ್ಟುವ ಕಾಮಗಾರಿ ವರ್ಷಗಟ್ಟಲೆ ಎಳೆಯಿತು, ಮಕ್ಕಳು ಅದಕ್ಕಾಗಿ ಕಾಯದೆ ಹೆದ್ದಾರಿಯಲ್ಲಿ ತುಳಿದರು. ಕಟ್ಟಡಕ್ಕೂ ಮೊದಲು ಅಲ್ಲಿ ರೇಸ್ ಇತ್ತು.

ನಮ್ಮ ಜಿಲ್ಲೆಯವರು ಅಲ್ಲಿಗೆ ಹೋಗಬೇಕಾದರೆ ಕಲಬುರಗಿ ದಾಟಿ ಒಂದು ಹಗಲು ಪ್ರಯಾಣ. ಅದಕ್ಕಿಂತ ಹೈದರಾಬಾದೇ ಹತ್ತಿರ. ಅಲ್ಲಿ ಹೊರವರ್ತುಲ ರಸ್ತೆಯ ಪಕ್ಕ 2023ರಲ್ಲಿ ಸೋಲಾರ್ ಚಾವಣಿಯ ಕೆಳಗೆ 23 ಕಿಲೋಮೀಟರ್ ಸೈಕಲ್ ದಾರಿ ತೆರೆದರು. ನಾನು ಹೋಗಿ ತುಳಿದಿದ್ದೇನೆ, ಚೆಂದ ಇದೆ. ಆದರೆ ಹಾಲಿನ ಹುಡುಗ ತನ್ನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಅಲ್ಲಿಗೆ ಹೋಗಲಾರ. ಸ್ಪರ್ಧೆ ಅವನ ಊರಿಗೆ ಬರಬೇಕು. ಬೆಂಗಳೂರಿನ ನವೀನ್ ಜಾನ್ 2014ರಲ್ಲಿ ಟೈಮ್ ಟ್ರಯಲ್ ರಾಷ್ಟ್ರೀಯ ಚಾಂಪಿಯನ್ ಆದರು. ಅವರು ರೇಸಿಗಿಳಿದದ್ದು ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ, ಕಾಲೇಜುಗಳ ನಡುವಿನ ಸ್ಪರ್ಧೆಯಲ್ಲಿ. ಮುಖ್ಯಭೂಮಿಯಿಂದ ಅಷ್ಟು ದೂರದ ಅಂಡಮಾನ್–ನಿಕೋಬಾರಿನ ಇಸೋ ಆಲ್ಬೆನ್ 2018ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ಪಿನ ಕೀರಿನ್ ಎಂಬ ಟ್ರ್ಯಾಕ್ ರೇಸಿನಲ್ಲಿ ಬೆಳ್ಳಿ ಗೆದ್ದ. ಇಷ್ಟಾದರೂ 1964ರ ಟೋಕಿಯೊ ನಂತರ ಒಲಿಂಪಿಕ್ಸಿನಲ್ಲಿ ಭಾರತದ ಸೈಕ್ಲಿಸ್ಟ್ ಇಲ್ಲ. ನಮ್ಮಂಥ ಜಿಲ್ಲೆಗಳಲ್ಲಿ ಯಾರು ವೇಗವಾಗಿ ತುಳಿಯುತ್ತಾರೆ ಎಂದು ನೋಡುವ ಏರ್ಪಾಡೇ ಇಲ್ಲದಿರುವುದಕ್ಕೂ ಇದಕ್ಕೂ ಸಂಬಂಧವಿದೆ ಎಂದೇ ನಾನು ನಂಬಿದ್ದೇನೆ.

ಏರ್ಪಾಡು ಇಲ್ಲದ್ದಷ್ಟೇ ಅಲ್ಲ, ಕೋವಿಡ್ ಬಂದ ಮೇಲೆ ಸರ್ಕಾರ ಶಾಲೆಯಲ್ಲಿ ಕೊಡುತ್ತಿದ್ದ ಸೈಕಲ್ಲೂ ನಿಂತಿತು. ಅದು ನಿಂತದ್ದು ನನಗೆ ವೈಯಕ್ತಿಕ ನಷ್ಟದಂತೆ ನೋಯುತ್ತದೆ. ನನ್ನ ತರಗತಿಯಲ್ಲಿ ನಾಲ್ಕೈದು ಕಿಲೋಮೀಟರ್ ನಡೆದು ಬರುವ ಹುಡುಗಿಯರಿದ್ದಾರೆ. ಅವರ ಅಕ್ಕಂದಿರು ಅದೇ ದಾರಿಯಲ್ಲಿ ಸೈಕಲ್ ಮೇಲೆ ಮಾತಾಡಿಕೊಂಡು ಬರುತ್ತಿದ್ದರು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಅನುದಾನ ಬರುತ್ತಿದೆ. ರಾಜ್ಯ ಕೊಡದಿದ್ದರೆ ಅದರಲ್ಲಾದರೂ ಈ ಮಕ್ಕಳಿಗೆ ಸೈಕಲ್ ಕೊಡಲಿ.

ಇನ್ನು ಜಾತ್ರೆಯ ರೇಸಿಗೆ ಬೇಕಾದದ್ದು ಕಡಿಮೆ. ಹಳ್ಳಿಯ ಅಡ್ಡದಾರಿ ಕೂಡುವಲ್ಲೆಲ್ಲ ಶಿಳ್ಳೆ ಹಿಡಿದ ಇಬ್ಬರು, ಹಿಂದೆ ಒಂದು ಆಂಬುಲೆನ್ಸ್, ಎಲ್ಲರ ತಲೆಗೂ ಹೆಲ್ಮೆಟ್, ಹಿಂದಿನ ದಿನ ರಸ್ತೆಯ ಜಲ್ಲಿ ಗುಡಿಸುವ ಆಳುಗಳು. ಬೆಳಿಗ್ಗೆ ಆರೂವರೆಗೆ ಬೀದರಿನಿಂದ ಬಿಟ್ಟರೆ ಎಂಟೂವರೆಗೆ ರಸ್ತೆ ಮತ್ತೆ ಲಾರಿಯವರದು. ಭಾಲ್ಕಿ, ಬೀದರ್, ಔರಾದ್ ಮೂರೂ ತಾಲ್ಲೂಕಿನವರು ಬರಲಿ. ಕುಸ್ತಿಯಲ್ಲಿ ಜೋಡಿ ನೋಡುವಂತೆ ಇಲ್ಲಿಯೂ ಸೈಕಲ್ ನೋಡಿ ವಿಭಾಗ ಮಾಡಬೇಕು: ಗೇರಿನವರು ಬೇರೆ, ಸಾದಾ ಸೈಕಲ್ಲಿನವರು ಬೇರೆ. ಹೈಸ್ಕೂಲಿನ ಮಕ್ಕಳನ್ನು ಸಂತಪುರದಿಂದ ಬಿಟ್ಟರೆ ಸಾಕು.

ಹೆಣ್ಣುಮಕ್ಕಳ ರೇಸ್ ಪ್ರತ್ಯೇಕ ನಡೆಯಬೇಕು, ಬಹುಮಾನ ಗಂಡಸರ ಬಹುಮಾನದಷ್ಟೇ ಇರಬೇಕು. ಅದಕ್ಕೆ ದುಡ್ಡೆಲ್ಲಿ ಎಂದು ಜಾತ್ರಾ ಸಮಿತಿಯವರು ಕೇಳುವ ಮೊದಲೇ ಹೇಳುತ್ತೇನೆ: ಮೊದಲು ಬಂದ ಹುಡುಗಿಗೆ ಹಾಕುವ ಬೆಳ್ಳಿ ಕಡಗ ನನ್ನದು. ಬೀದರಿನ ಅಕ್ಕಸಾಲಿಗರಲ್ಲಿ ದರ ವಿಚಾರಿಸಿಟ್ಟಿದ್ದೇನೆ. ತಾರೀಖು ತಿಳಿಸಿದರೆ ಮಾಡಲು ಹಾಕುತ್ತೇನೆ.