ದಾಳಿಯ ಸುದ್ದಿಯ ಆಚೆಗೆ

'ಲಾಡ್ಜ್ ಮೇಲೆ ಪೊಲೀಸ್ ದಾಳಿ, ಮಹಿಳೆಯರ ರಕ್ಷಣೆ.' ಇಂಥ ಸುದ್ದಿ ಓದಿ ನಾವು 'ಛೇ' ಎಂದು ಪುಟ ತಿರುವುತ್ತೇವೆ. ಆ ಮಹಿಳೆಯರು ಮುಂದೆ ಏನಾದರು ಎಂಬುದು ಪತ್ರಿಕೆಯಲ್ಲಿ ಬರುವುದು ಅಪರೂಪ.

ಈ ಕಸುಬು ಪಾಪವೆಂಬುದರಲ್ಲಿ ನಮ್ಮ ಸಹೋದರಿಯರಿಗೆ ಸಂದೇಹವಿಲ್ಲ. ಆದರೆ ದೇಶದ ಕಾನೂನಿನಲ್ಲಿ ಅದು ತನ್ನಷ್ಟಕ್ಕೆ ಅಪರಾಧವಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಶಿಕ್ಷಿಸುವುದು ವೇಶ್ಯಾಗೃಹ ನಡೆಸುವವರನ್ನು, ಹೆಣ್ಣನ್ನು ದಂಧೆಗೆ ತಳ್ಳುವವರನ್ನು, ಅವಳ ಗಳಿಕೆಯಲ್ಲಿ ಬದುಕುವವರನ್ನು. ಬೀದಿಯಲ್ಲಿ ಗಿರಾಕಿಯನ್ನು ಕರೆಯುವುದೂ ಅಪರಾಧ. ಕಾಗದದ ಮೇಲೆ ಎಲ್ಲವೂ ಸರಿಯೇ. ಆದರೆ ಇಬ್ಬರು ಹೆಂಗಸರು ಒಂದೇ ಬಾಡಿಗೆ ಮನೆಯಲ್ಲಿ ಈ ಕಸುಬು ಮಾಡಿದರೆ ಆ ಮನೆಯೇ ವೇಶ್ಯಾಗೃಹವೆನಿಸುತ್ತದೆ. ಅವಳ ದುಡ್ಡಿನಲ್ಲಿ ಓದುವ, 18 ದಾಟಿದ ಮಗನೂ ಔಷಧಿ ಕುಡಿಯುವ ಮುದಿ ತಾಯಿಯೂ 'ಗಳಿಕೆಯಲ್ಲಿ ಬದುಕುವವರು' ಎಂಬ ಮಾತಿಗೆ ಸಿಕ್ಕಿಬೀಳಬಹುದು. ದಲ್ಲಾಳಿಗೆಂದು ಹೆಣೆದ ಬಲೆಯಿದು! 'ರಕ್ಷಿಸಲ್ಪಟ್ಟವಳನ್ನು' ಮ್ಯಾಜಿಸ್ಟ್ರೇಟರು ಒಂದರಿಂದ ಮೂರು ವರ್ಷ ರಕ್ಷಣಾ ಗೃಹದಲ್ಲಿ ಇರಿಸಬಹುದು. ಮನೆಯಲ್ಲಿ ಮಕ್ಕಳ ಗತಿ?

2022ರ ಮೇ 19ರಂದು ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದಷ್ಟು ನಿರ್ದೇಶನ ನೀಡಿತು. ಇಚ್ಛೆಗೆ ವಿರುದ್ಧವಾಗಿ ರಕ್ಷಣಾ ಗೃಹಗಳಲ್ಲಿರುವ ವಯಸ್ಕ ಮಹಿಳೆಯರ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು. ಅತ್ಯಾಚಾರಕ್ಕೊಳಗಾದವಳಿಗೆ ತಕ್ಷಣ ಚಿಕಿತ್ಸೆ ಸಿಗಬೇಕು. ವಿಳಾಸದ ದಾಖಲೆ ಇಲ್ಲದಿದ್ದರೂ ಆಧಾರ್ ಕೊಡಬೇಕು. ಹೆಸರು, ಫೋಟೋ ಪ್ರಕಟಿಸಬಾರದು. ದಾಳಿಯಲ್ಲಿ ಸಿಕ್ಕವಳನ್ನು ಬಂಧಿಸಬಾರದು, ಮಗುವನ್ನು ಅಗಲಿಸಬಾರದು ಎಂದೂ ಸಮಿತಿ ಶಿಫಾರಸು ಮಾಡಿತ್ತು. ಕೇಂದ್ರ ಸರಕಾರ ಆಕ್ಷೇಪ ಎತ್ತಿದ್ದರಿಂದ ಅವೆರಡೂ ಆದೇಶದೊಳಗೆ ಸೇರಲಿಲ್ಲ. ಸೇರಿತೆಂದೇ ಎಷ್ಟೋ ಪತ್ರಿಕೆಗಳು ಬರೆದವು.

ಬೆಲ್ಜಿಯಂನಲ್ಲಿ 2024ರ ಡಿಸೆಂಬರಿನಿಂದ ಈ ಮಹಿಳೆಯರಿಗೆ ಉದ್ಯೋಗ ಕರಾರು, ಹೆರಿಗೆ ರಜೆ, ಪಿಂಚಣಿ ಇದೆ. ಅದು ನಮಗೆ ಬೇಕೇ ಎಂಬುದು ಬೇರೆ ಚರ್ಚೆ. 2020ರ ಲಾಕ್‌ಡೌನ್ ಕಾಲದಲ್ಲಿ ಇಲ್ಲಿ ಇವರಿಗೆ ಗುರುತಿನ ಚೀಟಿ ಕೇಳದೆ ರೇಷನ್ ಕೊಡಿ ಎನ್ನಲಿಕ್ಕೇ ಸುಪ್ರೀಂ ಕೋರ್ಟು ಬೇಕಾಯಿತು.

ಬೆಂಗಳೂರಿನಲ್ಲಾದರೆ ಒಬ್ಬಳ ಹೆಸರು ಜನಜಂಗುಳಿಯಲ್ಲಿ ಕರಗಿಹೋದೀತು. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಕೇರಿಯ ಹೆಸರೊಂದೇ ಸಾಕು, ಸಂಜೆಯೊಳಗೆ ಅವಳ ಮಗಳ ಶಾಲೆಯವರೆಗೂ ಸುದ್ದಿ ಮುಟ್ಟುತ್ತದೆ. ದಾಳಿಯ ವೀಡಿಯೋ ನಿಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅಂಥವಳೊಬ್ಬಳಿಗೆ ವಕೀಲರು ಬೇಕಾದರೆ ಫೀಸಿಲ್ಲದೆ ಸಿಗುತ್ತಾರೆ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಯಾವುದೇ ಹೆಣ್ಣು, ಆದಾಯ ಎಷ್ಟೇ ಇರಲಿ, ಇದಕ್ಕೆ ಅರ್ಹಳು. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, ಅಥವಾ 15100ಕ್ಕೆ ಫೋನ್ ಮಾಡಬಹುದು.