ದೇವರ ಚಿತ್ತವೆಷ್ಟು, ನಮ್ಮ ಹೊಣೆಯೆಷ್ಟು?

1963ರ ಆಗಸ್ಟ್ 7ರಂದು ಅಮೆರಿಕದ ಅಂದಿನ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರಿಗೆ ಗಂಡು ಮಗು ಜನಿಸಿತು. ದಿನ ತುಂಬುವುದಕ್ಕೆ ಐದೂವರೆ ವಾರ ಮೊದಲೇ ಹುಟ್ಟಿದ ಆ ಶಿಶುವಿನ ತೂಕ ಎರಡು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಶ್ವಾಸಕೋಶ ಇನ್ನೂ ಬಲಿತಿರಲಿಲ್ಲ. ಕೆನಡಿಯವರದು ಕ್ಯಾಥೊಲಿಕ್ ಕುಟುಂಬ. ತಡಮಾಡದೆ ಮಗುವಿಗೆ ಜ್ಞಾನಸ್ನಾನ ನೀಡಿ ಪ್ಯಾಟ್ರಿಕ್ ಎಂದು ಹೆಸರಿಡಲಾಯಿತು. ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಗೆ ಸಾಗಿಸಿದರೂ ಅದು ಬದುಕಿದ್ದು 39 ಗಂಟೆ ಮಾತ್ರ.

ಆ ತಂದೆಗೆ ಹಣದ ಕೊರತೆಯಿರಲಿಲ್ಲ, ವೈದ್ಯರ ಕೊರತೆಯಿರಲಿಲ್ಲ, ಪ್ರಾರ್ಥಿಸುವವರ ಕೊರತೆಯಂತೂ ಇರಲೇ ಇಲ್ಲ. ಇಲ್ಲದಿದ್ದುದು ತಿಳಿವಳಿಕೆ. ಎಳೆಯ ಶ್ವಾಸಕೋಶದ ಗಾಳಿಚೀಲಗಳು ಕುಸಿಯದಂತೆ ತಡೆಯುವ 'ಸರ್ಫ್ಯಾಕ್ಟಂಟ್' ಎಂಬ ದ್ರವ್ಯವನ್ನು ಹೊರಗಿನಿಂದ ಕೊಟ್ಟು ಶಿಶುಗಳನ್ನು ಉಳಿಸಬಹುದೆಂದು ಜಪಾನಿನ ವೈದ್ಯ ಫುಜಿವಾರ ತೋರಿಸಿಕೊಟ್ಟದ್ದು 1980ರಲ್ಲಿ. ಇಂದು ಅಷ್ಟೇ ತೂಕದ ಮಗು ಸುಸಜ್ಜಿತ ಆಸ್ಪತ್ರೆಯಲ್ಲಿ ಹುಟ್ಟಿದರೆ ಸಾಮಾನ್ಯವಾಗಿ ಬದುಕುಳಿಯುತ್ತದೆ. ಹಾಗಾದರೆ ಪ್ಯಾಟ್ರಿಕ್ ತೀರಿಕೊಂಡದ್ದು ದೇವರ ಚಿತ್ತವೇ?

ಈ ಪ್ರಶ್ನೆ ಶ್ವೇತಭವನಕ್ಕೆ ಸೀಮಿತವಾದುದಲ್ಲ. ನಮ್ಮ ಯಾವುದೇ ಜಿಲ್ಲಾ ಆಸ್ಪತ್ರೆಯ ಶಿಶು ವಿಭಾಗದ ಹೊರಗೆ ಒಂದು ರಾತ್ರಿ ಕುಳಿತರೆ ಅದು ಕಿವಿಗೆ ಬೀಳುತ್ತದೆ. ಒಬ್ಬರ ಕೈಯಲ್ಲಿ ಜಪಸರ, ಇನ್ನೊಬ್ಬರ ಸೆರಗಿನಲ್ಲಿ ಕುಂಕುಮದ ಪೊಟ್ಟಣ, ಮತ್ತೊಬ್ಬರ ಜೇಬಿನಲ್ಲಿ ದರ್ಗಾದ ತಾಯಿತ. ಮಗು ಉಳಿಯದಿದ್ದರೆ ಎಲ್ಲರಿಗೂ ಸಿಗುವ ಸಾಂತ್ವನ ಬಹುಮಟ್ಟಿಗೆ ಒಂದೇ. ಕ್ರೈಸ್ತರು ದೇವರ ಚಿತ್ತ ಎನ್ನುತ್ತಾರೆ, ನೆರೆಹೊರೆಯವರು ಹಣೆಬರಹ ಎನ್ನುತ್ತಾರೆ. ಕ್ರೈಸ್ತನಾಗಿ ಹುಟ್ಟಿ ಬೆಳೆದು, ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಆಯುಷ್ಯದ ಬಹುಭಾಗ ಕಳೆದ ನನಗೆ ಈ ಸಾಂತ್ವನವನ್ನು ತುಸು ಬಿಡಿಸಿ ನೋಡಬೇಕೆನಿಸುತ್ತದೆ.

ಅದಕ್ಕೆ ಸ್ವಂತ ಕಾರಣವೂ ಉಂಟು. ನನ್ನ ಪತ್ನಿಯ ತವರು ಕಡೂರು ತಾಲ್ಲೂಕಿನ ಪಂಚನಹಳ್ಳಿ. ಮಾವನವರು ಅಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. ಆ ಬೀದಿಯಲ್ಲಿ ಕ್ರೈಸ್ತರ ಮನೆ ಅದೊಂದೇ. 1988ರಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದ ಆಕೆಗೆ ಏಳನೆಯ ತಿಂಗಳಲ್ಲೇ ಹೆರಿಗೆಯಾಯಿತು. ಬಾಡಿಗೆ ಕಾರು ಗೊತ್ತುಮಾಡುವಷ್ಟರಲ್ಲಿ ಅರ್ಧ ದಿನ ಕಳೆಯಿತು. ದಾರಿಯ ಮೊದಲ ಆಸ್ಪತ್ರೆಯಲ್ಲಿ ಇದ್ದ ಒಂದೇ ಇನ್‌ಕ್ಯುಬೇಟರ್ ಕೆಟ್ಟಿತ್ತು. ಎರಡನೆಯದರಲ್ಲಿ ಜಾಗವಿರಲಿಲ್ಲ. ಬೆಂಗಳೂರು ತಲುಪುವ ಹೊತ್ತಿಗೆ ಮಗುವಿನ ಮೈ ತಣ್ಣಗಾಗಿತ್ತು. ತುರ್ತು ಸಂದರ್ಭದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ನೀಡಬಹುದೆಂಬುದು ಚರ್ಚಿನ ನಿಯಮ. ಅಲ್ಲಿನ ದಾದಿಯೊಬ್ಬರು ನಮ್ಮನ್ನು ಕೇಳಿ, ಮಗಳ ನೆತ್ತಿಯ ಮೇಲೆ ತುಸು ನೀರು ಸುರಿದು, ನಾವು ಹೇಳಿದ ಹೆಸರನ್ನು ಉಚ್ಚರಿಸಿದರು. ಒಂಬತ್ತು ದಿನ ಆಕೆ ನಮ್ಮೊಡನಿದ್ದಳು. ಆ ಒಂಬತ್ತು ದಿನವೂ ತಾಯಿಗೆ ಒಳಗೆ ಪ್ರವೇಶವಿರಲಿಲ್ಲ. ಗಾಜಿನ ಕಿಟಕಿಯಾಚೆಯಿಂದ ನೋಡಬಹುದಿತ್ತು, ಅಷ್ಟೆ.

ಆ ದಿನಗಳಲ್ಲಿ ಎರಡು ಬಗೆಯ ಮಾತುಗಳನ್ನು ಕೇಳಿದೆವು. ನಮ್ಮನ್ನು ನೋಡಲು ಬಂದ ಬೋಧಕರೊಬ್ಬರು, ವಿಶ್ವಾಸ ಗಟ್ಟಿಯಾಗಿದ್ದರೆ ಮಗು ಇಷ್ಟರಲ್ಲಿ ಚೇತರಿಸಿಕೊಳ್ಳಬೇಕಿತ್ತು ಎಂದರು. ಹಸಿ ಬಾಣಂತಿಗೆ ಹೇಳುವ ಮಾತೇ ಅದು? ಪಂಚನಹಳ್ಳಿಯಿಂದ ಬಂದ ಪಕ್ಕದ ಮನೆಯ ಅಜ್ಜಿಯದು ಬೇರೆ ಮಾತು: "ನಿಮ್ಮ ದೇವ್ರಿಗೆ ನೀವು ಹೇಳ್ಕಳಿ ಮಗಾ, ನಮ್ಮ ದೇವ್ರಿಗೆ ನಾವು ಹೇಳ್ಕತೀವಿ." ಅಷ್ಟು ಹೇಳಿ ಆಕೆ ಎರಡು ದಿನ ನನ್ನ ಪತ್ನಿಯ ಪಕ್ಕದಲ್ಲೇ ಜಗಲಿಯ ಮೇಲೆ ಮಲಗಿದರು. ಬೈಬಲ್ಲಿಗೆ ಹೆಚ್ಚು ಹತ್ತಿರವಾದದ್ದು ಆ ಅಜ್ಜಿಯ ನಡತೆಯೆಂದೇ ನನ್ನ ನಂಬಿಕೆ.

ಹೀಗೆನ್ನಲು ಆಧಾರವಿದೆ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಬಳಿಗೆ ಬಂದ ಸ್ನೇಹಿತರು ಮೊದಲ ಏಳು ದಿನ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು, ಅವನ ಸಂಕಟಕ್ಕೆ ಅವನ ಪಾಪವೇ ಕಾರಣವೆಂದು ವಾದಿಸತೊಡಗಿದರು. ಗ್ರಂಥದ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಅವರು, ದೇವರನ್ನೇ ಪ್ರಶ್ನಿಸಿದ ಯೋಬನಲ್ಲ. ಯೊವಾನ್ನನ ಶುಭಸಂದೇಶದಲ್ಲಿಯೂ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲ, ಇವನದೋ ಹೆತ್ತವರದೋ ಎಂದು ಕೇಳುತ್ತಾರೆ. ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿ, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ ಗುಣಪಡಿಸುತ್ತಾರೆ. ಕಾಯಿಲೆಯ ಮುಂದೆ ಕ್ರೈಸ್ತ ವಿಶ್ವಾಸದ ಮೊದಲ ಕರ್ತವ್ಯ ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದನ್ನು ಅರಿತವರು ನಮ್ಮ ನಾಡಿನಲ್ಲಿದ್ದರು. ಜರ್ಮನಿಯಿಂದ ಬಂದ ಜೆಸುಯಿಟ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಾಲಯ ತೆರೆದರು. 1886ರಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಆರಂಭಿಸಿದರು. ಮೈಸೂರಿನವರು ಇಂದಿಗೂ 'ಮಿಷನ್ ಆಸ್ಪತ್ರೆ' ಎನ್ನುವ ಸಂಸ್ಥೆ 1906ರದು. ನಮ್ಮ ಜನ ಹುಡುಕಿಕೊಂಡು ಹೋಗುವ ವೆಲ್ಲೂರಿನ ಕಥೆ ಇನ್ನೂ ಮನಮುಟ್ಟುವಂಥದು. ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗರ್ಭಿಣಿಯರು ಪುರುಷ ವೈದ್ಯರ ಚಿಕಿತ್ಸೆ ಒಲ್ಲದೆ ಸತ್ತದ್ದನ್ನು ಕಂಡ ಪಾದ್ರಿಯ ಮಗಳು ಇಡಾ ಸ್ಕಡರ್ ಅದನ್ನು ದೇವರ ಚಿತ್ತವೆಂದು ಒಪ್ಪಿ ಸುಮ್ಮನಾಗಲಿಲ್ಲ. ವೈದ್ಯಕೀಯ ಓದಿ ಬಂದು 1900ರಲ್ಲಿ ಒಂದು ಹಾಸಿಗೆಯ ಚಿಕಿತ್ಸಾಲಯ ತೆರೆದರು, 1918ರಲ್ಲಿ ಮಹಿಳೆಯರಿಗೆ ವೈದ್ಯಕೀಯ ಶಾಲೆ ಕಟ್ಟಿದರು.

ಶಿಶುಮರಣದಲ್ಲಿ ಮೂರು ಬಗೆಯನ್ನು ಗುರುತಿಸಬಹುದು. ಕೆಲವು ಸಾವುಗಳಿಗೆ ಇನ್ನೂ ಮದ್ದು ತಿಳಿದಿಲ್ಲ. ಕೆಲವಕ್ಕೆ ಮದ್ದು ತಿಳಿದಿದೆ, ಆದರೆ ಅದು ಮಗುವಿದ್ದಲ್ಲಿಗೆ ತಲುಪುವುದಿಲ್ಲ. ಇನ್ನು ಕೆಲವು, ತಿಳಿದದ್ದೆಲ್ಲವನ್ನೂ ಮಾಡಿದ ಮೇಲೂ ಸಂಭವಿಸುತ್ತವೆ. ದೇವರ ಚಿತ್ತವೆಂಬ ಮಾತನ್ನು ಈ ಮೂರಕ್ಕೂ ಸಮನಾಗಿ ಹಂಚುವುದು ಸರಿಯಲ್ಲ. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2005ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 50 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 19ಕ್ಕೆ ಇಳಿದಿತ್ತು. ಅದೇ ವರ್ಷ ಕೇರಳದಲ್ಲಿ ಅದು 6. ಹದಿನೈದು ವರ್ಷಗಳಲ್ಲಿ ದೇವರ ಚಿತ್ತ ಬದಲಾಗಿರಲಾರದು. ರಾಜ್ಯದ ಗಡಿ ದಾಟಿದೊಡನೆ ಅದು ಬೇರೆಯಾಗುವುದೂ ಇಲ್ಲ. ಬದಲಾದದ್ದು 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಓಡಾಟ ಆರಂಭಿಸಿದ 108 ಆಂಬುಲೆನ್ಸ್, ನವಜಾತ ಶಿಶುಗಳಿಗೆ ಉಚಿತ ಚಿಕಿತ್ಸೆ ಖಾತರಿಗೊಳಿಸಿದ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಜಿಲ್ಲಾ ಆಸ್ಪತ್ರೆಗಳಿಗೆ ಬಂದ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳು. ಬಜೆಟ್ಟಿನ ಸಾಲುಗಳು ಜೀವ ಉಳಿಸಬಲ್ಲವೆಂಬುದಕ್ಕೆ ಇದು ಸಾಕ್ಷಿ.

ಇನ್ನೂ ಮಾಡಬೇಕಾದದ್ದಿದೆ. ಪಂಚನಹಳ್ಳಿಯಿರುವುದು ಚಿಕ್ಕಮಗಳೂರು ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಹಾಸನ ಮತ್ತು ತುಮಕೂರು ಜಿಲ್ಲೆಗಳ ಸೆರಗಿಗೆ. ತಮ್ಮ ಜಿಲ್ಲಾ ಕೇಂದ್ರಕ್ಕಿಂತ ನೆರೆ ಜಿಲ್ಲೆಯ ಅರಸೀಕೆರೆಯೇ ಅಲ್ಲಿಯವರಿಗೆ ಹತ್ತಿರ. ಇಂಥ ಗಡಿ ಹೋಬಳಿಗಳ ಶಿಶುವನ್ನು ಕಡತದ ಗಡಿ ನೋಡದೆ, ಹತ್ತಿರದ ಖಾಲಿ ಹಾಸಿಗೆ ಎಲ್ಲಿದೆಯೋ ಅಲ್ಲಿಗೆ, ಮೈ ಬೆಚ್ಚಗಿಟ್ಟು ಸಾಗಿಸುವ ವ್ಯವಸ್ಥೆ ಪ್ರತಿ ಜಿಲ್ಲೆಯಲ್ಲಿಯೂ ಇರಬೇಕು.

ಎರಡನೆಯದು, ತಾಯಿಯನ್ನು ಗಾಜಿನ ಈಚೆ ನಿಲ್ಲಿಸುವ ಪದ್ಧತಿ ಸಂಪೂರ್ಣ ತೊಲಗಬೇಕು. ಕೊಲಂಬಿಯಾದ ಬೊಗೊಟಾ ನಗರದ ವೈದ್ಯರು 1970ರ ದಶಕದ ಕೊನೆಯಲ್ಲೇ, ಇನ್‌ಕ್ಯುಬೇಟರ್ ಸಾಲದಾದಾಗ, ಕಡಿಮೆ ತೂಕದ ಶಿಶುಗಳನ್ನು ತಾಯಂದಿರ ಎದೆಗವಚಿ ಬೆಚ್ಚಗಿಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು, ಹುಟ್ಟಿದೊಡನೆ ಈ 'ಕಾಂಗರೂ ಆರೈಕೆ' ಆರಂಭಿಸಿದರೆ ಇಂಥ ಶಿಶುಗಳ ಸಾವು ಶೇ 25ರಷ್ಟು ತಗ್ಗುತ್ತದೆಂದು ಕಂಡುಕೊಂಡಿತು. ಕ್ಯಾಥೊಲಿಕ್ ಧರ್ಮಾಧ್ಯಕ್ಷರು 1963ರಲ್ಲಿ, ಅಂದರೆ ಪ್ಯಾಟ್ರಿಕ್ ತೀರಿಕೊಂಡ ವರ್ಷವೇ, ಬೆಂಗಳೂರಿನಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ವ್ಯಾಪಕವಾಗಿ ಅಳವಡಿಸುವ ಕೆಲಸದಲ್ಲಿ ತೊಡಗಿದ್ದರು. ಇದಕ್ಕೆ ದುಬಾರಿ ಯಂತ್ರ ಬೇಡ. ಬೇಕಾದದ್ದು ತಾಯಿಗೊಂದು ಒರಗು ಕುರ್ಚಿ, ಒಂದು ಹಾಸಿಗೆ, ಎರಡು ಹೊತ್ತಿನ ಊಟ ಮತ್ತು ಸಾಕಷ್ಟು ದಾದಿಯರು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಮಕ್ಕಳು ಉಳಿಯುವುದಿಲ್ಲ. ಫಲವಿಲ್ಲದ ಅಸಾಮಾನ್ಯ ಚಿಕಿತ್ಸೆಯನ್ನು ಎಳೆದೆಳೆದು ಮುಂದುವರಿಸಬೇಕಾದ ಕಡ್ಡಾಯವಿಲ್ಲವೆಂದು ಪೋಪ್ ಹನ್ನೆರಡನೆಯ ಪಯಸ್ 1957ರಲ್ಲಿಯೇ ವೈದ್ಯರಿಗೆ ತಿಳಿಸಿದ್ದರು. ಯಂತ್ರವನ್ನು ಕಳಚುವುದು ವಿಶ್ವಾಸದ ಸೋಲಲ್ಲವೆಂದು ಹೆತ್ತವರಿಗೆ ಧೈರ್ಯ ಹೇಳುವ ಹೊಣೆ ಗುರುಗಳದ್ದು, ಸಭಾಪಾಲಕರದ್ದು. ನೋವು ತಗ್ಗಿಸಿ, ಮಗುವನ್ನು ತಾಯಿಯ ಮಡಿಲಿಗೆ ಕೊಟ್ಟು, ಅವರವರ ಧರ್ಮದವರು ಬಂದು ಪ್ರಾರ್ಥಿಸಲು ಅರ್ಧ ಗಂಟೆ ಏಕಾಂತ ಒದಗಿಸುವ ಹೊಣೆ ಆಸ್ಪತ್ರೆಯದ್ದು. ಆ ಗಳಿಗೆಯಲ್ಲಿ ದೇವರ ಚಿತ್ತವೆಂಬ ಮಾತನ್ನು ಹೆತ್ತವರು ತಾವಾಗಿಯೇ ಆಡಿದರೆ ಅದಕ್ಕೆ ಗೌರವವಿದೆ. ನಮ್ಮ ಪಾಲಿಗೂ ಅದೇ ಆಸರೆಯಾಗಿತ್ತು. ಅದೇ ಮಾತನ್ನು ಆಡಳಿತವಾಗಲಿ, ಬೋಧಕರಾಗಲಿ ಅವರ ಪರವಾಗಿ ಆಡುವುದು ಬೇಡ. ಕೆಟ್ಟುನಿಂತ ಇನ್‌ಕ್ಯುಬೇಟರಿನ ಲೆಕ್ಕವನ್ನು ದೇವರ ಖಾತೆಗೆ ಬರೆಯುವ ಅಧಿಕಾರ ಯಾರಿಗೂ ಇಲ್ಲ.